ಊರಿನ ಬಿಸಿಯನ್ನೆಲ್ಲ ನುಂಗಿದ ಜಡಮುಖ

ಹಿಂದೆ, ಬಹಳ ಹಿಂದೆ, ಸೂರ್ಯನೂ ಕಂಬಳಿ ಹೊದ್ದುಕೊಂಡೇ ಹುಟ್ಟುತ್ತಿದ್ದ ಬಡಗಣ ಸೀಮೆಯಲ್ಲಿ ಶ್ವೇತಾವತಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯ ಕೋಟೆಬಾಗಿಲಿಗೇ ತಾಗಿದಂತೆ ಬೆಳ್ಮಡು ಎಂಬ ದೊಡ್ಡ ಸರೋವರ. ಚಳಿಗಾಲದ ಮೂರು ತಿಂಗಳು ಅದು ದಡದಿಂದ ದಡಕ್ಕೆ ಹೆಪ್ಪುಗಟ್ಟುತ್ತಿತ್ತು. ಬೆಸ್ತರು ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರು. ಅವರಿಗೆ ಗಂಜಿ ಕಾಯಿಸಿ ಕೊಡುತ್ತಿದ್ದವಳು ಚೆನ್ನಾಜಿ ಎಂಬ ಇಪ್ಪತ್ತರ ಹುಡುಗಿ.

ಚೆನ್ನಾಜಿಗೆ ಒಂದು ಜಾರುಬಂಡಿಯಿತ್ತು. ಬಂಡಿಯ ಹಲಗೆಯ ಮೇಲೆ ಒಂದು ಗೇಣು ಮರಳು, ಮರಳಿನ ಮೇಲೆ ಚಪ್ಪಡಿಕಲ್ಲು, ಚಪ್ಪಡಿಯ ಮೇಲೆ ಮೂರು ಗುಂಡಿನ ಒಲೆ. ಮಂಜುಗಡ್ಡೆಯ ಮೇಲೆ ಬೆಂಕಿ ಹಾಕುವವರು ಹೀಗೆಯೇ ಹಾಕಬೇಕು. ಬರಿಯ ಗಡ್ಡೆಯ ಮೇಲೆ ಕಟ್ಟಿಗೆ ಒಟ್ಟುವವನು ಮೀನಿಗೆ ತಾನೇ ಊಟವಾಗುತ್ತಾನೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ತಾಯಿ ಇನ್ನೊಂದು ಕಟ್ಟಳೆಯನ್ನೂ ಕಲಿಸಿ ಸತ್ತಿದ್ದಳು. ಅಡುಗೆ ಮಾಡಿದವಳು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಉಣ್ಣುವ ಮೊದಲು ನಾಲ್ಕು ದಿಕ್ಕಿಗೂ ಕೇಳುವ ಹಾಗೆ ಮೂರು ಸಲ ಕೂಗಬೇಕು: "ಉಂಡಿಲ್ಲದವರು ಯಾರಿದ್ದೀರಿ?" ಬಿರುಗಾಳಿಯಲ್ಲಿ ದಿಕ್ಕು ತಪ್ಪಿದವರಿಗೆ ಆ ಕೂಗೇ ದಾರಿ. ಕೂಗು ಕಿವಿಗೆ ಬಿದ್ದಮೇಲೆ ಹಸಿದವನು ದೇವರಾಗಲಿ ದೆವ್ವವಾಗಲಿ, ಒಲೆಯ ಕಡೆಗೆ ಹೆಜ್ಜೆ ಹಾಕದೆ ಇರಲಾರ.

ಒಂದು ಬೆಳಗ್ಗೆ ಶ್ವೇತಾವತಿಯ ಜನ ಎದ್ದು ಒಲೆ ಹಚ್ಚಿದರು. ಬೆಂಕಿ ಧಗಧಗ ಉರಿಯಿತು. ಅರ್ಧ ಜಾವ ಉರಿದರೂ ನೀರು ಕುದಿಯಲಿಲ್ಲ. ಒಬ್ಬ ಮುದುಕಿ ಇದೇನು ಗ್ರಹಚಾರವೆಂದು ಬೆರಳನ್ನು ಉರಿಗೆ ಹಿಡಿದು ಕಿಟಾರನೆ ಕಿರುಚಿದಳು. ಬೆರಳು ಸುಡಲಿಲ್ಲ, ಜುಮ್ಮೆಂದು ಮರಗಟ್ಟಿತು! ಕಮ್ಮಾರನ ಕುಲುಮೆಯ ಕೆಂಡ ತಣ್ಣಗೆ, ಅರಮನೆಯ ಪಂಜು ತಣ್ಣಗೆ, ಗುಡಿಯ ದೀಪವೂ ತಣ್ಣಗೆ. ಬೆಂಕಿಗೆ ಬಣ್ಣವಿತ್ತು, ಬೆಳಕಿತ್ತು, ಚಟಪಟ ಸದ್ದೂ ಇತ್ತು. ಬಿಸಿಯೊಂದೇ ಇರಲಿಲ್ಲ. ಇಡೀ ಊರು ಬಿಟ್ಟ ಬಾಯಿ ಬಿಟ್ಟಂತೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಬಡಗಣ ಬೆಟ್ಟದಿಂದ ಹಿಮದ ಬಿರುಗಾಳಿ ಇಳಿದು ಊರನ್ನು ಮುಚ್ಚಿತು.

ಉಳಿದವರಿಗೆ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ನುಂಗುವ ಕಷ್ಟ. ಚೆನ್ನಾಜಿಯ ಮನೆಯಲ್ಲಿ ಮಾತ್ರ ಜೀವದ ಪ್ರಶ್ನೆ. ಅವಳ ಅಕ್ಕ ಗಂಗಾಜಿ ಒಂಬತ್ತು ದಿನದ ಬಾಣಂತಿ. ಅವಳ ಗಂಡ ಉಪ್ಪು ತರಲು ಬೆಟ್ಟದಾಚೆ ಹೋಗಿದ್ದ. ಬಾಣಂತಿಗೆ ಬಿಸಿನೀರಿಲ್ಲ, ಕೂಸಿಗೆ ಶಾಖವಿಲ್ಲ. ಸಂಜೆಯಾಗುವಷ್ಟರಲ್ಲಿ ಹೆಣ್ಣುಕೂಸಿನ ತುಟಿ ನೇರಳೆಯಾಯಿತು. ಅಳುತ್ತಿದ್ದದ್ದು ಅಳುವುದನ್ನೂ ನಿಲ್ಲಿಸಿತು.

"ಚೆನ್ನೀ, ಕೂಸು ಅಳ್ತಾ ಇಲ್ಲ ಕಣೇ. ನಂಗೆ ಭಯ ಆಗ್ತಿದೆ" ಎಂದಳು ಗಂಗಾಜಿ.

"ಎದೆಗವಚಿಕೊಂಡಿರು ಅಕ್ಕಾ, ಬಿಡಬೇಡ. ಬೆಸ್ತರ ಬಿಡಾರದಲ್ಲಿ ಕೆಂಡ ಉಳಿದಿದೆಯೇನೋ ನೋಡಿ ಬರ್ತೀನಿ" ಎಂದು ಚೆನ್ನಾಜಿ ಕೈಯಲ್ಲಿ ಉದ್ದನೆಯ ಬಿದಿರುಕೋಲು ಹಿಡಿದು ಬೆಳ್ಮಡುವಿಗಿಳಿದಳು. ಬೂದಿ ಕೆದಕಿದರೆ ಒಂದು ಕೆಂಡ ಮಿನುಗಿತು. ಮುಟ್ಟಿ ನೋಡಿದಳು. ಬೆರಳು ಚುರ್ರೆಂದು ಸುಟ್ಟಿತು! ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಆ ಹುಡುಗಿ ಕುಣಿದಾಡಿದ್ದನ್ನು ನೋಡಿದವರು ಹುಚ್ಚು ಹಿಡಿಯಿತೆಂದೇ ಎಣಿಸುತ್ತಿದ್ದರು. ಆದರೆ ಕೆಂಡವನ್ನು ಮಡಕೆಯಲ್ಲಿ ತುಂಬಿ ದಡಕ್ಕೆ ತಂದು ನೆಲ ಮುಟ್ಟಿಸಿದ್ದೇ ತಡ, ಅದು ಕೆಂಪಾಗಿಯೇ ತಣ್ಣಗಾಯಿತು. ನೆಲದ ಮೇಲಿನ ಬೆಂಕಿಗೆ ಬಿಸಿಯಿಲ್ಲ, ಮಂಜುಗಡ್ಡೆಯ ಮೇಲಿನ ಬೆಂಕಿಗೆ ಬಿಸಿಯಿದೆ! ಇದೆಂಥ ಮಾಯೆಯೋ ಅವಳಿಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯಲು ಕೂಸಿಗೆ ಪುರುಸೊತ್ತಿರಲಿಲ್ಲ.

ಅವಳು ಅಕ್ಕನನ್ನೂ ಕೂಸನ್ನೂ ಕಂಬಳಿಯಲ್ಲಿ ಸುತ್ತಿ ಇನ್ನೊಂದು ಬಂಡಿಯಲ್ಲಿ ಮಲಗಿಸಿ ಸರೋವರಕ್ಕೆ ಎಳೆದು ತಂದಳು. ಮೇಲೊಂದು ತೊಗಲಿನ ಡೇರೆ ಕಟ್ಟಿದಳು. ಹೊಗೆ ಹೋಗಲು ನೆತ್ತಿಯಲ್ಲಿ ಕಂಡಿ ಬಿಟ್ಟಳು. "ಗಾಳಿ ಒಳಗೆ ಬರುತ್ತಲ್ಲೇ, ಮುಚ್ಚೇ" ಎಂದಳು ಅಕ್ಕ. "ಗಾಳಿ ಬಂದರೆ ಚಳಿ ಅಷ್ಟೇ ಅಕ್ಕಾ. ಹೊಗೆ ನಿಂತರೆ ನಿದ್ದೇಲೇ ಪ್ರಾಣ ಹೋಗುತ್ತೆ" ಎಂದಳು ಚೆನ್ನಾಜಿ. ಡೇರೆಯೊಳಗೆ ತನ್ನ ಬಂಡಿಯ ಒಲೆ ಹೊತ್ತಿಸಿ ಹಿಮ ಕರಗಿಸಿದಳು. ಬರಿಯ ಹಿಮ ಹಾಕಿದರೆ ಮಡಕೆ ಸೀದು ಒಡೆಯುತ್ತದೆಂದು ತಳಕ್ಕೆ ಒಂದು ಸೌಟು ನೀರು ಬಿಟ್ಟೇ ಹಿಮ ತುಂಬಿದಳು. ಬಿಸಿ ಗಂಜಿ ಗಂಗಾಜಿಯ ಹೊಟ್ಟೆಗಿಳಿಯಿತು. ಸ್ವಲ್ಪ ಹೊತ್ತಿಗೆ ಕೂಸು ಕುಂಯ್ ಎಂದಿತು. ಇಬ್ಬರೂ ಅತ್ತುಬಿಟ್ಟರು.

ಬೆಂಕಿಯನ್ನು ಮುಚ್ಚಿಡಬಹುದು, ಹೊಗೆಯನ್ನು ಮುಚ್ಚಿಡಲಾದೀತೆ? ಮರುದಿನ ನಡುಹಗಲಿಗೆ ಇಡೀ ಊರೇ ಬೆಳ್ಮಡುವಿಗೆ ಇಳಿಯಿತು. ಮುಂದೆ ಚಂಡಕೇತು ಮಹಾರಾಜ, ಹಿಂದೆ ಯುವರಾಜ ಉದಯಕೇತು, ಅವರ ಹಿಂದೆ ಅರಮನೆಯ ಬಾಣಸಿಗ ತಿಮ್ಮರಸ. ಅವನ ಹಿಂದೆ ಇಪ್ಪತ್ತು ಆಳು ಹೊತ್ತ ತಾಮ್ರದ ಕೊಪ್ಪರಿಗೆ! ರಾಜನ ಊಟ ಒಂದೇ ಕೊಪ್ಪರಿಗೆಯಲ್ಲಿ ಬೇಯಬೇಕು, ಊರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು ಎಂಬುದು ಶ್ವೇತಾವತಿಯ ಹೆಮ್ಮೆ. ಹೆಮ್ಮೆಗೆ ತೂಕವಿಲ್ಲ ನಿಜ, ಕೊಪ್ಪರಿಗೆಗೆ ಇದೆ.

ಆಗ ಹಿಮದ ನಡುವಿನಿಂದ ಬೆಂಕಿಬಣ್ಣದ ನರಿಯೊಂದು ಬಂದಿತು. ಬೆನ್ನ ಮೇಲೆ ಒಣಕಟ್ಟಿಗೆಯ ಹೊರೆ. "ಬಾಣಸಿಗರೇ, ಕಟ್ಟಿಗೆ ಬೇಕೇ? ಎಷ್ಟು ಬೇಕಾದರೂ ಒಟ್ಟಿ" ಎಂದು ಮನುಷ್ಯರಂತೆ ಮಾತಾಡಿತು. ಜನ ಹೌಹಾರಿದರು. ತಿಮ್ಮರಸ ಮಾತ್ರ ಕಟ್ಟಿಗೆ ನೋಡಿ ನರಿಯನ್ನು ಮರೆತ.

"ಬೇಡಿ ಸ್ವಾಮೀ!" ಚೆನ್ನಾಜಿ ಓಡಿ ಬಂದಳು. "ಇಲ್ಲಿ ಗಡ್ಡೆ ಒಂದು ಗೇಣು ದಪ್ಪ. ಒಂದು ಬಂಡಿ ತಡೆಯುತ್ತೆ, ಕೊಪ್ಪರಿಗೆ ತಡೆಯಲ್ಲ. ನಲವತ್ತು ಹೆಜ್ಜೆಗೊಂದರಂತೆ ಸಣ್ಣ ಒಲೆ ಹೂಡೋಣ. ಕೆಳಗೆ ಮರಳು ಹಾಕೋಣ."

"ಗಂಜಿ ಕಾಯಿಸೋಳು ನಂಗೆ ಪಾಕ ಹೇಳಿಕೊಡ್ತೀಯೇನೇ?" ಎಂದ ತಿಮ್ಮರಸ. ಆತುರಗಾರನಿಗೆ ಬುದ್ಧಿ ಮಟ್ಟ. ಬರಿಯ ಗಡ್ಡೆಯ ಮೇಲೆ ಆಳೆತ್ತರ ಕಟ್ಟಿಗೆ ಒಟ್ಟಿಸಿ ಉರಿ ಹಚ್ಚಿದ. ಅಕ್ಕಿ ಕುದಿಯತೊಡಗಿತು. ಜನ ಹಿಗ್ಗಿ ಸುತ್ತ ಮುತ್ತಿಕೊಂಡರು. ಕೊಪ್ಪರಿಗೆಯ ಅಡಿಯಿಂದ ಠಣ್ ಎಂದು ಒಂದು ಸದ್ದು ಬಂತು. ಆಮೇಲೆ ಇನ್ನೊಂದು.

"ಮಲಗಿ! ಎಲ್ಲರೂ ಹೊಟ್ಟೆಯ ಮೇಲೆ ಮಲಗಿ, ಉರುಳಿ ದೂರ ಹೋಗಿ!" ಎಂದು ಚೆನ್ನಾಜಿ ಕೂಗಿದಳು. ಅವಳ ದನಿಯಲ್ಲಿ ಏನಿತ್ತೋ, ಮಹಾರಾಜನೇ ಕಿರೀಟ ಸಮೇತ ಮೊದಲು ಉರುಳಿದ. ಎಲ್ಲರೂ ಉರುಳಿದರು. ಮರುಗಳಿಗೆ ಗಡ್ಡೆ ಬಾಯಿಬಿಟ್ಟು ಕೊಪ್ಪರಿಗೆ, ಅನ್ನ, ಬೆಂಕಿ ಎಲ್ಲವನ್ನೂ ಗುಳುಂ ಎಂದು ನುಂಗಿತು. ಕರಿನೀರು ಹೊಗೆಯಾಡಿತು. ನರಿ ಪಕಪಕ ನಕ್ಕು ಹಿಮದಲ್ಲಿ ಕರಗಿಹೋಯಿತು. ತಿಮ್ಮರಸ ಕೈಯಲ್ಲಿ ಉಳಿದ ಅನ್ನ ತಿರುವುವ ಹುಟ್ಟನ್ನೇ ನೋಡುತ್ತ ಬಿದ್ದಿದ್ದ.

ಅಂದಿನಿಂದ ಮಂಜುಗಡ್ಡೆಯ ಮೇಲೆ ಚೆನ್ನಾಜಿಯ ಮಾತೇ ಶಾಸನ. ನಲವತ್ತು ಹೆಜ್ಜೆಗೊಂದು ಒಲೆ ಹೊತ್ತಿತು. ಎಲ್ಲರೂ ಉಂಡಮೇಲೆ ಅವಳು ಮೂರು ಸಲ ಕೂಗಿದಳು: "ಉಂಡಿಲ್ಲದವರು ಯಾರಿದ್ದೀರಿ?" ಸರೋವರದ ಆಚೆ ದಡದಿಂದ ಯಾರೋ ನರಳಿದ ಸದ್ದು ಬಂದಿತು. ಜನರ ಎದೆ ಧಸಕ್ಕೆಂದಿತು.

ಮರುದಿನ ನಡುಹಗಲು ಬಿರುಗಾಳಿ ಇಮ್ಮಡಿಯಾಯಿತು. ಒಂದು ಬಿಳಿ ಒಂಟೆ ಬಂದಿತು. ಅಷ್ಟು ದೊಡ್ಡ ಪ್ರಾಣಿ, ಹಿಮದ ಮೇಲೆ ಒಂದು ಹೆಜ್ಜೆಗುರುತೂ ಮೂಡಲಿಲ್ಲ! ಅದರ ಎರಡೂ ಪಕ್ಕೆಗೆ ಹೆಂಡದ ತೊಗಲುಚೀಲಗಳು ತೂಗುತ್ತಿದ್ದವು. "ಚಳಿಯೇ? ಒಂದು ಗುಟುಕು ಹಾಕಿ. ಮೈಯೆಲ್ಲ ಬೆಚ್ಚಗಾಗುತ್ತದೆ" ಎಂದಿತು ಒಂಟೆ.

"ಮುಟ್ಟಬೇಡಿ ಬುದ್ಧೀ" ಎಂದಳು ಚೆನ್ನಾಜಿ. "ಹೆಂಡ ಒಳಗಿನ ಬಿಸಿಯನ್ನು ಚರ್ಮಕ್ಕೆ ತರುತ್ತೆ. ಚರ್ಮದಿಂದ ಗಾಳಿ ಅದನ್ನ ಕದ್ದುಕೊಂಡು ಹೋಗುತ್ತೆ. ಬೆಲ್ಲ ಶುಂಠಿ ಹಾಕಿ ನೀರು ಕಾಯಿಸ್ತಿದ್ದೀನಿ, ಸ್ವಲ್ಪ ತಡೀರಿ."

ಯುವರಾಜ ಉದಯಕೇತು ಒಳ್ಳೆಯವನೇ. ಆದರೆ ತಡಿ ಎಂಬ ಮಾತನ್ನು ಹುಟ್ಟಿದಾಗಿನಿಂದ ಯಾರ ಬಾಯಿಂದಲೂ ಕೇಳಿದವನಲ್ಲ. ಒಂದು ಚೀಲವನ್ನೇ ಬರಿದು ಮಾಡಿದ. ಕೆನ್ನೆ ಕೆಂಪೇರಿತು. "ಆಹಾ, ವೈಶಾಖ ಬಂದ ಹಾಗಿದೆ!" ಎಂದು ಹೊದ್ದ ಕಂಬಳಿಯನ್ನು ಕಿತ್ತೆಸೆದ. ನಿಲುವಂಗಿ ಬಿಚ್ಚಿದ. ಹಾಡು ಹೇಳುತ್ತ ಬಿರುಗಾಳಿಯೊಳಕ್ಕೆ ನಡೆದುಹೋಗಿ ಕಣ್ಮರೆಯಾದ.

ಚೆನ್ನಾಜಿ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಬೆಸ್ತರಿಗೆ ಕೊಟ್ಟು, ಬಿದಿರಿನಿಂದ ಮುಂದೆ ಮುಂದೆ ತಟ್ಟುತ್ತ ನಡೆದಳು. ಗಟ್ಟಿ ಗಡ್ಡೆ ಟಣ್ ಎನ್ನುತ್ತದೆ, ಒಳಗೊಳಗೇ ಕರಗಿ ಕೊಳೆತ ಗಡ್ಡೆ ಡೊಬ್ ಎನ್ನುತ್ತದೆ. ಅರವತ್ತು ಹೆಜ್ಜೆಯಾಚೆ ಯುವರಾಜ ಹಿಮದ ಮೇಲೆ ಅಂಗಾತ ಮಲಗಿ ಮುಗುಳ್ನಗುತ್ತಿದ್ದ. ತುಟಿ ನೀಲಿ, ಹುಬ್ಬಿನ ಮೇಲೆ ಹಿಮ. ಆ ನಗು ಕಂಡು ಚೆನ್ನಾಜಿಗೆ ಮೈ ಜುಮ್ಮೆಂದಿತು. ಹೆಣ ನಕ್ಕರೂ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎಳೆದು ತಂದರು. ರಾಜವೈದ್ಯ ಅವನ ಕೈಕಾಲು ತಿಕ್ಕಲು ಹೊರಟ. "ತಿಕ್ಕಬೇಡಿ, ಉರಿಯ ಹತ್ತಿರವೂ ಹಿಡೀಬೇಡಿ" ಎಂದು ಚೆನ್ನಾಜಿ ಗದರಿದಳು. ಒದ್ದೆ ಬಟ್ಟೆ ತೆಗೆಸಿ, ಒಣಕಂಬಳಿಯಲ್ಲಿ ಅವನ ಎರಡು ಪಕ್ಕಕ್ಕೂ ಇಬ್ಬರು ದಪ್ಪನೆಯ ಬೆಸ್ತರನ್ನು ಮಲಗಿಸಿದಳು. ಯುವರಾಜನಿಗೆ ಎಚ್ಚರವಾದದ್ದು ಮೀನಿನ ವಾಸನೆಗೆ. ಕಣ್ಣು ಬಿಟ್ಟು, ಗುಟುಕು ನುಂಗುವಷ್ಟಾದ ಮೇಲೆ ಅವಳು ಬೆಲ್ಲದ ನೀರನ್ನು ಚಮಚ ಚಮಚವಾಗಿ ಕುಡಿಸಿದಳು.

"ಇನ್ನು ನೀನು ಮಲಗು ಅಂದರೆ ಮಲಗ್ತೀನಿ, ಏಳು ಅಂದರೆ ಏಳ್ತೀನಿ ತಾಯೀ" ಎಂದ ಉದಯಕೇತು.

ಅಂದೂ ಅವಳು ಮೂರು ಸಲ ಕೂಗಿದಳು. ಈ ಸಲ ನರಳಿಕೆ ಕೇಳಿದ್ದು ಸರೋವರದ ನಡುವಿನಿಂದ. ಯಾರೋ ಹತ್ತಿರವಾಗುತ್ತಿದ್ದರು.

ಮೂರನೆಯ ದಿನ ಕಣ್ಣೆದುರಿನ ಕೈಯೇ ಕಾಣದಷ್ಟು ಹಿಮ. ಎಲ್ಲಿಂದಲೋ ಒಂದು ಮಂಜಿನ ಗೊರವಂಕ ಹಾರಿ ಬಂದು ಜನರ ತಲೆಯ ಮೇಲೆ ಸುತ್ತಿತು. ಅದು ಗಂಡನ ದನಿಯಲ್ಲಿ ಹೆಂಡತಿಯನ್ನು ಕರೆಯಿತು, ತಾಯಿಯ ದನಿಯಲ್ಲಿ ಮಗನನ್ನು ಕರೆಯಿತು. "ಇಲ್ಲಿ ಬಾ, ಇಲ್ಲಿ ಬೆಚ್ಚಗಿದೆ" ಎಂದು ಕೊಳೆತ ಗಡ್ಡೆಯ ಕಡೆಯಿಂದ ಕೂಗಿತು. ಜನ ಎದ್ದು ಹೊರಟೇಬಿಟ್ಟರು! ಚೆನ್ನಾಜಿ ಒಲೆಯಿಂದ ಒಲೆಗೆ ಹಗ್ಗ ಕಟ್ಟಿಸಿದ್ದಳು. "ಹಗ್ಗ ಬಿಡಬೇಡಿ! ಯಾರು ಕರೆದರೂ ಬಿಡಬೇಡಿ!" ಎಂದು ಅರಚಿದಳು. ಆಗ ಗಂಗಾಜಿಯದೇ ದನಿ ಕೇಳಿತು: "ಚೆನ್ನೀ, ಕೂಸು ನೀರಿಗೆ ಬಿತ್ತು ಕಣೇ!"

ಚೆನ್ನಾಜಿಯ ರಕ್ತ ಹೆಪ್ಪುಗಟ್ಟಿತು. ಹಗ್ಗ ಹಿಡಿದ ಕೈ ಸಡಿಲವಾಯಿತು. ಒಂದು ಹೆಜ್ಜೆ ಇಟ್ಟೂಬಿಟ್ಟಳು. ಅಷ್ಟರಲ್ಲಿ ಬೆನ್ನ ಹಿಂದಿನ ಡೇರೆಯೊಳಗೆ ಕೂಸು ಕಿರ್ರೆಂದು ಅತ್ತಿತು. ಎಲ್ಲರ ದನಿಯನ್ನೂ ಕದ್ದ ಹಕ್ಕಿಗೆ ಹನ್ನೆರಡು ದಿನದ ಕೂಸಿನ ಅಳು ಬರುತ್ತಿರಲಿಲ್ಲ. ಚೆನ್ನಾಜಿ ಗಟ್ಟಿಯಾಗಿ ಹಗ್ಗ ಹಿಡಿದು ಕುಸಿದು ಕೂತಳು. ಗೊರವಂಕ ಸೋತು ಹಿಮದ ಪುಡಿಯಾಗಿ ಉದುರಿತು.

ಆಮೇಲೆ ಎದ್ದು ಅಡುಗೆ ಮುಗಿಸಿದಳು. ಎಲ್ಲರೂ ಉಂಡರು. ಅವಳು ನಾಲ್ಕು ದಿಕ್ಕಿಗೂ ಕೂಗಿದಳು: "ಉಂಡಿಲ್ಲದವರು ಯಾರಿದ್ದೀರಿ? ಉಂಡಿಲ್ಲದವರು ಯಾರಿದ್ದೀರಿ? ಉಂಡಿಲ್ಲದವರು ಯಾರಿದ್ದೀರಿ?"

"ನಾನು" ಎಂದಿತು ಹತ್ತಿರದಿಂದಲೇ ಒಂದು ದನಿ.

ಕಂದು ಶಾಲು ಹೊದ್ದ ಮುದುಕನೊಬ್ಬ ಒಲೆಯ ಮುಂದೆ ನಿಂತಿದ್ದ. ಚೆನ್ನಾಜಿ ಅವನ ಮುಖ ನೋಡಿದಳು. ಆ ಚಳಿಯಲ್ಲಿ ಎಲ್ಲರ ಬಾಯಿಂದಲೂ ಉಸಿರು ಹೊಗೆಯಾಗಿ ಬರುತ್ತಿತ್ತು. ಇವನ ಬಾಯಿಂದ ಏನೂ ಬರಲಿಲ್ಲ. ಅವಳು ಅವನ ಹೊಟ್ಟೆ ನೋಡಿದಳು. ಹೊಟ್ಟೆಯ ಮೇಲೆ ಬಿದ್ದ ಹಿಮ ಚುಂಯ್ ಚುಂಯ್ ಎಂದು ಆವಿಯಾಗುತ್ತಿತ್ತು. ಶಾಲಿನೊಳಗಿಂದ ಕುಲುಮೆಯಂಥ ಕೆಂಪು ಬೆಳಕು! ಊರಿನ ಬಿಸಿಯೆಲ್ಲ ಈ ಮಾಂತ್ರಿಕನ ಹೊಟ್ಟೆ ಸೇರಿದೆಯೆಂದು ಅವಳಿಗೆ ಆ ಗಳಿಗೆಗೆ ತಿಳಿಯಿತು. ಕಾಲಡಿಯ ಗಡ್ಡೆಯ ಮೇಲೆ ಊರಿಗೆ ಊರೇ ನಿಂತಿತ್ತು, ಡೇರೆಯಲ್ಲಿ ಅಕ್ಕ, ಕೂಸು.

ಅವಳು ಭಯವನ್ನು ನುಂಗಿಕೊಂಡು, "ಕೂತ್ಕೊಳ್ಳಿ ಅಜ್ಜಾ. ಹೊಸ ಗಂಜಿ ಏರಿಸ್ತೀನಿ" ಎಂದಳು. ಆಮೇಲೆ ಜನರ ಕಡೆ ತಿರುಗಿ, "ಏನು ಹಾಗೆ ನೋಡ್ತಾ ನಿಂತಿದ್ದೀರಿ? ಉಣ್ಣೋರಿಗೆ ದೃಷ್ಟಿ ತಾಗಲ್ವೇ? ಎಲ್ಲರೂ ದಡಕ್ಕೆ ಹೋಗಿ. ಡೇರೆಯನ್ನೂ ಎಳೆದುಕೊಂಡು ಹೋಗಿ" ಎಂದಳು.

ದೃಷ್ಟಿ ಎಂದರೆ ಮಾಂತ್ರಿಕನಿಗೂ ಭಯವೇ. ಉಣ್ಣುವಾಗ ಹತ್ತು ಕಣ್ಣು ಬಿದ್ದರೆ ಅವನಿಗೂ ಹೊಟ್ಟೆ ನೋಯುತ್ತದೆ. "ಹೌದು ಹೌದು, ಕಳಿಸು ಅವರನ್ನ" ಎಂದ ಮುದುಕ.

ಗಂಗಾಜಿ ಕೂಸನ್ನು ಅವಚಿಕೊಂಡು ಬಂಡಿಯ ಮೇಲೆ ಕೂತಳು. ದಡದಲ್ಲಿ ತಣ್ಣನೆಯ ಬೆಂಕಿ ಬಿಟ್ಟರೆ ಇನ್ನೇನೂ ಇಲ್ಲವೆಂದು ಅವಳಿಗೆ ಗೊತ್ತು. "ಚೆನ್ನೀ, ಕೂಸು ಎಷ್ಟು ಹೊತ್ತು ತಡೆದೀತು?" ಎಂದಳು ಮೆಲ್ಲಗೆ. "ಒಂದು ಮಡಕೆ ಗಂಜಿ ಬೇಯೋ ಹೊತ್ತು ತಡೆಸು ಅಕ್ಕಾ" ಎಂದಳು ತಂಗಿ. ಯುವರಾಜ ಅವಳ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಹಿಡಿದುಕೊಂಡು ದಡಕ್ಕೆ ನಡೆದ.

ಮುದುಕ ಉಣ್ಣಲು ಕೂತ. ಒಂದು ಮಡಕೆ ಮುಗಿಸಿದ, ಎರಡನೆಯದು ಮುಗಿಸಿದ. ಮಾಂತ್ರಿಕರಿಗೊಂದು ಚಾಳಿ, ಹೊಟ್ಟೆ ತುಂಬುತ್ತ ಬಂದಂತೆ ಬಾಯಿ ಬಿಚ್ಚುತ್ತದೆ. "ನಾನು ಯಾರು ಗೊತ್ತೇನೇ ಹುಡುಗೀ? ಜಡಮುಖ! ಏಳು ರಾಜ್ಯಗಳ ಬಿಸಿ ನುಂಗಿದವನು. ನನಗೆ ಹುಟ್ಟಿದಾಗಿನಿಂದ ಚಳಿ. ನೆಲದ ಬಿಸಿ ಎಳೆದುಕೊಂಡು ಗಡ್ಡೆಯ ಮೇಲೆ ಮಾತ್ರ ಯಾಕೆ ಬಿಟ್ಟೆ ಹೇಳು? ಜನ ತಾವಾಗಿಯೇ ಬಂದು, ತಾವೇ ಒಲೆ ಹಚ್ಚಿ, ತಾವೇ ಮುಳುಗಲಿ ಅಂತ. ನರಿ, ಒಂಟೆ, ಗೊರವಂಕ ಕಳಿಸಿದವನೂ ನಾನೇ. ಮುಳುಗಿದವರ ಮೈಬಿಸಿ ಇದೆಯಲ್ಲ, ಅದು ಬಲು ರುಚಿ!"

ಚೆನ್ನಾಜಿ ಇಷ್ಟು ಕ್ರೌರ್ಯವನ್ನು ಕನಸಿನಲ್ಲೂ ಕೇಳಿರಲಿಲ್ಲ. ಕೈಯಿಂದ ಸೌಟು ಜಾರಿತು. ಬಗ್ಗಿ ಎತ್ತಿಕೊಂಡು, "ಇನ್ನೊಂದು ಮಡಕೆ ಹಾಕಲೇ ಅಜ್ಜಾ?" ಎಂದಳು. ಮೂರನೆಯ ಮಡಕೆಗೆ ಮೆಣಸು, ಶುಂಠಿ, ಓಮ, ಇಂಗು ಇದ್ದಷ್ಟನ್ನೂ ಸುರಿದಳು.

ಜಡಮುಖ ಅದನ್ನೂ ನೆಕ್ಕಿದ. ಅವನು ಬದುಕಿನಲ್ಲಿ ಕದ್ದು ನುಂಗಿದ್ದನೇ ಹೊರತು ಯಾರೂ ಬಡಿಸಿ ಅವನು ಹೊಟ್ಟೆತುಂಬ ಉಂಡದ್ದೇ ಇಲ್ಲ. ಹೊಟ್ಟೆತುಂಬ ಉಂಡವನಿಗೆ ಮುಂದೇನು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ಅಗಲವಾದವು. "ಇದೇನಿದು? ಒಳಗಿಂದ ಏನೋ ಏಳುತ್ತಿದೆಯಲ್ಲ!" ಎಂದು ಎದೆ ಹಿಡಿದುಕೊಂಡ.

ಚೆನ್ನಾಜಿ ಬಿದಿರನ್ನು ಅಡ್ಡ ಹಿಡಿದು ಹಿಂದೆ ಹಿಂದೆ ಸರಿದಳು.

ಜಡಮುಖ ತೇಗಿದ.

ಅಂಥ ತೇಗನ್ನು ಭೂಮಿ ಅದುವರೆಗೆ ಕೇಳಿರಲಿಲ್ಲ. ಏಳು ರಾಜ್ಯಗಳ ಬಿಸಿ ಒಮ್ಮೆಗೇ ಅವನ ಬಾಯಿಂದ ಹೊರಬಿತ್ತು. ಬಿರುಗಾಳಿ ಸೀಳಿಹೋಯಿತು. ಊರಿನ ಒಲೆಗಳಲ್ಲಿ ತಣ್ಣಗೆ ಉರಿಯುತ್ತಿದ್ದ ಬೆಂಕಿಯೆಲ್ಲ ಒಂದೇ ಸಲ ಸುಡತೊಡಗಿ, ಹಂಡೆಗಳು ಕೊತಕೊತ ಕುದಿದವು. ಜಡಮುಖ ಖಾಲಿ ಚೀಲದಂತೆ ಮುದುಡಿ, ಬರಿಯ ಮಂಜಾಗಿ, ತನ್ನದೇ ಬಿಸಿಗೆ ಕರಗಿ ನೀರಾದ. ಅವನ ಕೆಳಗಿನ ಗಡ್ಡೆಯೂ ಕರಗಿತು. ಬಿರುಕು ಚೆನ್ನಾಜಿಯನ್ನು ಅಟ್ಟಿಸಿಕೊಂಡು ಬಂದು ಕಾಲಡಿಗೆ ಸೇರಿತು.

ನೀರು ಅವಳನ್ನು ನುಂಗಿತು. ಆ ಆಘಾತಕ್ಕೆ ಎದೆ ಬಿಗಿದು ಉಸಿರು ಹಾರಿಹೋಯಿತು. ಕಿರುಚಬೇಡ, ಮೊದಲು ಉಸಿರು ಹಿಡಿ, ಎಂದು ತನಗೆ ತಾನೇ ಹೇಳಿಕೊಂಡಳು. ಬಿದಿರು ತೂತಿನ ಎರಡು ಅಂಚಿಗೂ ಅಡ್ಡ ಕೂತಿತ್ತು. ಅದಕ್ಕೆ ಜೋತುಬಿದ್ದು ಮೀನಿನಂತೆ ಕಾಲು ಬಡಿದು ಹೊಟ್ಟೆಯನ್ನು ಗಡ್ಡೆಯ ಮೇಲೆ ತಂದಳು. ದಡದಿಂದ ಯುವರಾಜ ಓಡಿ ಬರಲು ಎದ್ದವನು ಅವಳ ಮಾತು ನೆನಪಾಗಿ ಬೋರಲು ಬಿದ್ದ. ಹೊಟ್ಟೆಯ ಮೇಲೆ ತೆವಳುತ್ತ ಹಗ್ಗ ಎಳೆದ. ಅವನ ಕಾಲನ್ನು ಬಾಣಸಿಗ ತಿಮ್ಮರಸ ಹಿಡಿದಿದ್ದ, ತಿಮ್ಮರಸನ ಕಾಲನ್ನು ಮಹಾರಾಜ ಹಿಡಿದಿದ್ದ. ಚೆನ್ನಾಜಿ ಏಳದೆ ಉರುಳುರುಳಿ ದಡ ಸೇರಿದಳು. ಮಾತಾಡಲು ಹೋದರೆ ಹಲ್ಲು ಕಟಕಟ ಅಂದವೇ ಹೊರತು ಮಾತು ಬರಲಿಲ್ಲ.

ಎತ್ತಿಕೊಂಡು ಹೋಗಿ ಗಂಗಾಜಿಯ ಬಾಣಂತಿಕೋಣೆಯಲ್ಲೇ ಮಲಗಿಸಿದರು. ಬೇರೆ ಬೆಚ್ಚನೆಯ ಜಾಗ ಯಾರಿಗೂ ತೋಚಲಿಲ್ಲ. ಗಂಗಾಜಿ ಒದ್ದೆ ಬಟ್ಟೆ ಕಳಚಿ, ತಂಗಿಯನ್ನು ತನ್ನ ಕಂಬಳಿಯೊಳಗೇ ಸೇರಿಸಿಕೊಂಡಳು. ನಡುವೆ ಕೂಸು. ಅಗ್ಗಿಷ್ಟಿಕೆಯ ಕೆಂಡ ಬಿಸಿಯಾಗಿ ಉರಿಯುತ್ತಿತ್ತು. ಕೂಸು ಅಲುಗಲಿಲ್ಲ. ಬಾಗಿಲಲ್ಲಿ ನಿಂತ ಊರು ಉಸಿರು ಬಿಗಿಹಿಡಿದಿತ್ತು. ಮಹಾರಾಜ ಕಿರೀಟ ತೆಗೆದು ಕಂಕುಳಲ್ಲಿ ಇರುಕಿಕೊಂಡಿದ್ದ.

ಬಹಳ ಹೊತ್ತಾದ ಮೇಲೆ ಗಂಗಾಜಿ ಕೂಸಿನ ಹಣೆ ಮುಟ್ಟಿದಳು. ಕೈ ಹಿಂದೆಗೆದಳು. ಇನ್ನೊಮ್ಮೆ ಮುಟ್ಟಿದಳು.

"ಅಯ್ಯೋ!" ಎಂದು ಕೂಗಿಬಿಟ್ಟಳು.

ಎಲ್ಲರ ಜೀವ ಬಾಯಿಗೆ ಬಂತು. ಚೆನ್ನಾಜಿ ದಡಬಡಿಸಿ ಎದ್ದು, "ಏನಾಯ್ತಕ್ಕಾ? ಏನಾಯ್ತೇ?" ಎಂದಳು.

"ಕೂಸು..." ಗಂಗಾಜಿ ನಗುತ್ತಿದ್ದಳೋ ಅಳುತ್ತಿದ್ದಳೋ ಯಾರಿಗೂ ತಿಳಿಯಲಿಲ್ಲ. "ಕೂಸು ಬೆವೆತಿದೆ ಕಣೇ!"

ಶ್ವೇತಾವತಿಯ ಜನ ಸಾಲುಗಟ್ಟಿ ಒಬ್ಬೊಬ್ಬರಾಗಿ ಒಳಬಂದು ಆ ಪುಟ್ಟ ಹಣೆಯ ಮೇಲಿನ ಬೆವರಹನಿಯನ್ನು ನೋಡಿಕೊಂಡು ಹೋದರು. ಮಹಾರಾಜನೂ ಸಾಲಿನಲ್ಲೇ ನಿಂತು ನೋಡಿದ. ಆಮೇಲೆ ಅವರೆಲ್ಲ ಬೆಚ್ಚಗೆ ಉಂಡು, ಬೆಚ್ಚಗೆ ಮಲಗಿ, ನೂರು ಚಳಿಗಾಲ ಬಾಳಿದರು.